ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ? ಮರುಭೂಮಿ ಬೆಟ್ಟದಲ್ಲಿ ಒಂದು ದಿನದ ಸುತ್ತುದಾರಿ ಆರಿಸುವ ಬಗೆ

ನಕ್ಷೆಯಲ್ಲಿ ಎರಡು ಸುತ್ತುದಾರಿಗಳಿವೆ ಎಂದುಕೊಳ್ಳಿ. ಒಂದು 9 ಕಿಮೀ, ಇನ್ನೊಂದು 14 ಕಿಮೀ. ಮೊದಲ ಸಲ ಹೋಗುವವರು ಕಣ್ಣುಮುಚ್ಚಿಕೊಂಡು 9 ಕಿಮೀಯದನ್ನೇ ಹಿಡಿಯುತ್ತಾರೆ. ಮಲೆನಾಡಿನಂಥ ಹಸಿರು ಬೆಟ್ಟದಲ್ಲಾದರೆ ಅದು ಸರಿಯಾದ ಲೆಕ್ಕವೇ. ಮರುಭೂಮಿಯ ಬೆಟ್ಟದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಆ 9 ಕಿಮೀಯಲ್ಲಿ ಕೊನೆಯ ಮೂರು ಕಿಮೀ ನೆರಳೇ ಇಲ್ಲದ ಒಣಹಳ್ಳದ ಮರಳಿನಲ್ಲಿದ್ದು, ನೀವು ಅಲ್ಲಿಗೆ ತಲುಪುವುದು ಹನ್ನೆರಡು ಗಂಟೆಗಾದರೆ, ಬೆಳಗ್ಗೆ ನೆರಳಲ್ಲಿ ಹತ್ತಿ ಹತ್ತೂವರೆಗೆಲ್ಲ ಮುಕ್ಕಾಲು ದಾರಿ ಮುಗಿಸುವ 14 ಕಿಮೀಯೇ ಹಗುರ.

ಹಾಗಾಗಿ ಯಾವುದೇ ಎರಡು ದಾರಿ ಹೋಲಿಸುವಾಗ ಮೊದಲು ಕೇಳಬೇಕಾದ್ದು ಒಂದೇ: ಬಿಸಿಲು ನೆತ್ತಿಗೇರುವ ಹೊತ್ತಿಗೆ ನಾನು ಎಲ್ಲಿರುತ್ತೇನೆ? ದೂರ, ಏರು, ನೋಟ, ಪಟ ತೆಗೆಯುವ ಜಾಗ ಎಲ್ಲವೂ ಆಮೇಲಿನವು.

ಸುತ್ತುದಾರಿಯೋ, ಹೋದ ದಾರಿಯಲ್ಲೇ ವಾಪಸೋ

ಸುತ್ತುದಾರಿಯ ಆಕರ್ಷಣೆ ಗೊತ್ತಿರುವುದೇ. ಕಂಡದ್ದನ್ನೇ ಮತ್ತೆ ಕಾಣಬೇಕಿಲ್ಲ. ಅದರ ಬೆಲೆಯೂ ಅಲ್ಲೇ ಇದೆ: ಅರ್ಧ ದಾಟಿದ ಮೇಲೆ ಮುಂದಿರುವುದೆಲ್ಲ ನೀವು ನೋಡಿರದ ದಾರಿ. ಹೋದ ದಾರಿಯಲ್ಲೇ ವಾಪಸ್ ಬರುವುದಾದರೆ ನೆರಳು ಕೊಡುವ ಬಂಡೆ ಯಾವ ತಿರುವಿನಲ್ಲಿದೆ, ಜಾರುವ ಜಾಗ ಯಾವುದು ಎಂಬುದೆಲ್ಲ ಗೊತ್ತಿರುತ್ತದೆ. ಸಾಕೆನಿಸಿದ ಕ್ಷಣ ತಿರುಗಬಹುದು. ಸುತ್ತುದಾರಿಯಲ್ಲಿ ಹತ್ತು ಕಿಮೀ ನಡೆದ ಮೇಲೆ ತಿರುಗಿದರೆ ಮತ್ತೆ ಹತ್ತು ಕಿಮೀ.

ಮೊದಲ ಸಲದ ಮರುಭೂಮಿ ಚಾರಣಕ್ಕೆ, ಅಥವಾ ಗುಂಪಿನಲ್ಲಿ ಯಾರ ಶಕ್ತಿ ಎಷ್ಟೆಂದು ಗೊತ್ತಿಲ್ಲದಾಗ, ಹೋಗಿಬರುವ ದಾರಿಯೇ ಮೇಲು. ಸುತ್ತಲೇಬೇಕೆಂದರೆ ನಡುವೆ ಅಡ್ಡದಾರಿ ಇರುವ ಸುತ್ತನ್ನು ಹುಡುಕಿ. ನಕ್ಷೆಯಲ್ಲಿ ಅದು ಎಂಟರ ಅಂಕಿಯಂತೆಯೋ ಏಣಿಯ ಮೆಟ್ಟಿಲಿನಂತೆಯೋ ಕಾಣುತ್ತದೆ. ದಣಿದವರು ಅಲ್ಲಿ ಒಳದಾರಿ ಹಿಡಿದು ಸುತ್ತನ್ನು ಅರ್ಧಕ್ಕಿಳಿಸಬಹುದು. ಇನ್ನು ಬಾಲವಿರುವ ಸುತ್ತುಗಳಿವೆ. ಒಂದೇ ದಾರಿಯಲ್ಲಿ ಎರಡು ಮೂರು ಕಿಮೀ ಹೋಗಿ, ಅಲ್ಲಿಂದ ಸುತ್ತು ಶುರುವಾಗಿ, ಮತ್ತೆ ಅದೇ ಬಾಲದಲ್ಲಿ ಇಳಿಯುವುದು. ಇಂಥವುಗಳಲ್ಲಿ ಬೆಳಗಿನ ತಂಪಿನಲ್ಲಿ ಸುಲಭವೆನಿಸಿದ ಬಾಲವೇ ಮಧ್ಯಾಹ್ನ ಕಾಡುತ್ತದೆ. ಲೆಕ್ಕ ಹಾಕುವಾಗ ಬಾಲವನ್ನು ಎರಡು ಸಲ ಎಣಿಸಿ. ಕೆಲವು ಫಲಕಗಳಲ್ಲಿ ಸುತ್ತಿನ ಉದ್ದ ಮಾತ್ರ ಬರೆದಿರುತ್ತದೆ.

ಯಾವ ಕಡೆಯಿಂದ ಸುತ್ತಬೇಕು

ದಾರಿ ಆರಿಸುವುದಕ್ಕಿಂತ ದಿಕ್ಕು ಆರಿಸುವುದರಲ್ಲೇ ಹೆಚ್ಚು ಲಾಭ, ಹೆಚ್ಚು ನಷ್ಟ. ಅಂಕಿ ಹಾಕಿಯೇ ನೋಡೋಣ.

14 ಕಿಮೀಯ ಸುತ್ತು, ಒಟ್ಟು ಏರು 600 ಮೀಟರ್. ಒಂದು ತುದಿಯಿಂದ ಹೋದರೆ 4 ಕಿಮೀಯಲ್ಲೇ ಅಷ್ಟೂ ಏರಬೇಕು, ಆಮೇಲೆ 10 ಕಿಮೀ ನಿಧಾನವಾಗಿ ಇಳಿಯಬೇಕು. ಇನ್ನೊಂದು ತುದಿಯಿಂದ ಹೋದರೆ ಇದೇ ತಿರುವುಮುರುವು. ಹೊತ್ತಿನ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ನಡೆಯುತ್ತದೆ: ಪ್ರತಿ 5 ಕಿಮೀಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆದರೆ ಅದು ತಂಪು ನಾಡಿನ ಗಟ್ಟಿ ಆಳಿನ ಸೂತ್ರ. ಬಿಸಿಲು, ನೀರಿನ ಭಾರ, ಮರಳು, ವಿಶ್ರಾಂತಿ ಸೇರಿಸಿ ಬಂದದ್ದನ್ನು 1.4ರಿಂದ ಗುಣಿಸಿದರೆ ವಾಸ್ತವಕ್ಕೆ ಹತ್ತಿರ ಬರುತ್ತದೆ.

ಬೆಳಗ್ಗೆ ಆರಕ್ಕೆ ಕಡಿದಾದ ಕಡೆಯಿಂದ ಹೊರಟರೆ: 4 ಕಿಮೀಗೆ 48 ನಿಮಿಷ, ಏರಿಗೆ 60, ಗುಣಿಸಿದರೆ ಸುಮಾರು ಎರಡೂವರೆ ಗಂಟೆ. ಎಂಟೂವರೆಗೆ ಮೇಲೆ. ಉಳಿದ 10 ಕಿಮೀಗೆ ಎರಡು ಮುಕ್ಕಾಲು ಗಂಟೆ ಹಿಡಿದು ಹನ್ನೊಂದೂಕಾಲಿಗೆ ಕೆಳಗೆ.

ಸೌಮ್ಯವಾದ ಕಡೆಯಿಂದ ಹೊರಟರೆ: 10 ಕಿಮೀ ಮತ್ತು ಏರಿಗೆ ನಾಲ್ಕು ಗಂಟೆಯ ಮೇಲೆ. ತುದಿ ಮುಟ್ಟುವಾಗ ಹತ್ತೂಕಾಲು. ಕಡಿದಾದ ಇಳಿಜಾರಿನಲ್ಲಿ ಬೀಸುಗಾಲು ಹಾಕಲಾಗುವುದಿಲ್ಲ. ಪ್ರತಿ 300 ಮೀಟರ್ ಇಳಿತಕ್ಕೆ ಹತ್ತು ನಿಮಿಷ ಹೆಚ್ಚು ಇಡಬೇಕು. ಕೆಳಗೆ ಬರುವಾಗ ಹನ್ನೊಂದೂ ಮುಕ್ಕಾಲಾಗಿರುತ್ತದೆ.

ಅಂದರೆ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಅರ್ಧ ಗಂಟೆ, ಅಷ್ಟೆ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಮೊದಲ ಬಗೆಯಲ್ಲಿ ಎದೆ ಹೊಡೆದುಕೊಳ್ಳುವ ಕೆಲಸವೆಲ್ಲ ಎಂಟೂವರೆಗೇ ತೀರಿರುತ್ತದೆ. ಯಾರಿಗಾದರೂ ಆಗುವುದಿಲ್ಲ ಎಂದು ಗೊತ್ತಾಗುವುದೂ ಆ ಏರಿನಲ್ಲೇ, ಅಂದರೆ ಗಾಡಿಯಿಂದ ನಾಲ್ಕು ಕಿಮೀಯೊಳಗೆ. ಎರಡನೆಯ ಬಗೆಯಲ್ಲಿ ಸೌಮ್ಯ ಏರು ಯಾರನ್ನೂ ಪರೀಕ್ಷಿಸುವುದಿಲ್ಲ. ಹತ್ತು ಕಿಮೀ ಒಳಗೆ ಹೋದ ಮೇಲೆ, ಬಿಸಿಲು ಏರಿದ ಮೇಲೆ, ದಣಿದ ತೊಡೆಗಳೊಂದಿಗೆ ಕಡಿದಾದ ಇಳಿಜಾರು ಎದುರಾಗುತ್ತದೆ. ಮರುಭೂಮಿಯ ಇಳಿಜಾರೆಂದರೆ ಗಟ್ಟಿ ನೆಲದ ಮೇಲೆ ಸಣ್ಣ ಹರಳು. ಗೋಲಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟಂತೆ. ಬೇರು, ಹುಲ್ಲು ಯಾವುದೂ ಇಲ್ಲದೆ ಮಣ್ಣು ಕಚ್ಚಿ ಹಿಡಿಯುವುದಿಲ್ಲ. ಬಿದ್ದಾಗ ಕೈ ಊರುವುದು ಕಳ್ಳಿಯ ಮೇಲೆ.

ಕಡಿದಾದ ಕಡೆಯಿಂದ ಹತ್ತುವುದಕ್ಕೂ ಒಂದು ತೊಡಕಿದೆ. ಐದು ಲೀಟರ್ ನೀರು ಹೊತ್ತಿದ್ದರೆ ಆ ಐದು ಕಿಲೋ ಪೂರ್ತಿ ಬೆನ್ನ ಮೇಲಿರುವುದೇ ಆ ಏರಿನಲ್ಲಿ. ಮಂಡಿನೋವಿರುವವರಿಗೆ ಇದು ಆದರೂ ವಾಸಿ, ಭಾರ ಹೊತ್ತು ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಪೆಟ್ಟು.

ಟೆಕ್ಸಾಸಿನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಚಿಸೋಸ್ ಬೆಟ್ಟಗಳ ಸೌತ್ ರಿಮ್ (ದಕ್ಷಿಣದ ಅಂಚು) ಸುತ್ತು ಇದಕ್ಕೆ ಒಳ್ಳೆಯ ಮಾದರಿ. ಎಷ್ಟು ಅಂಚು ಸುತ್ತುತ್ತೀರಿ ಎಂಬುದರ ಮೇಲೆ 19ರಿಂದ 23 ಕಿಮೀ, ಏರು ಸುಮಾರು 600 ಮೀಟರ್. ಪಿನಕಲ್ಸ್ ಕಡೆಯ ದಾರಿ ಅಂಕುಡೊಂಕಾಗಿ ಕಡಿದು ಏರುತ್ತದೆ, ಲಗೂನಾ ಮೆಡೋಸ್ ಕಡೆಯದು ಸೌಮ್ಯ. ಒಂದೇ ದಿನದಲ್ಲಿ ಮುಗಿಸುವವರಿಗೆ ಪಿನಕಲ್ಸ್‌ನಲ್ಲಿ ಹತ್ತಿ ಲಗೂನಾದಲ್ಲಿ ಇಳಿಯುವುದೇ ಒಳ್ಳೆಯದು, ಮೇಲೆ ಹೇಳಿದ ಕಾರಣಗಳಿಗೇ.

ಇನ್ನು ನೆರಳು. ಬೆಳಗ್ಗೆ ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು ಬೆಟ್ಟದ ನೆರಳಿನಲ್ಲಿರುತ್ತದೆ, ಪೂರ್ವದ್ದು ಸೂರ್ಯ ಹುಟ್ಟಿದ ಗಳಿಗೆಯಿಂದಲೇ ಕಾಯುತ್ತದೆ. ಕಡಿದಾದ ದಾರಿ ಪೂರ್ವಕ್ಕಿದ್ದು ಸೌಮ್ಯ ದಾರಿ ಪಶ್ಚಿಮಕ್ಕಿದ್ದರೆ ಮೇಲಿನ ಲೆಕ್ಕ ಉಲ್ಟಾ ಆಗಬಹುದು. ಆಗ ಕಡಿದಾದ ಕಡೆಯಿಂದ ಬೆಳಕು ಹರಿಯುವ ಮುಂಚೆಯೇ, ತಲೆಗೆ ದೀಪ ಕಟ್ಟಿಕೊಂಡು ಹತ್ತುವುದು ನಮ್ಮ ಆಯ್ಕೆ. ಅಷ್ಟು ಬೇಗ ಏಳಲಾರಿರಾದರೆ ಪಶ್ಚಿಮದಿಂದ ಹೋಗಿ. ಭೂಮಧ್ಯರೇಖೆಯಿಂದ ದೂರದ ಉತ್ತರದಲ್ಲಿ ಬೆಟ್ಟದ ಉತ್ತರ ಮಗ್ಗುಲು ಹೆಚ್ಚು ತಂಪು, ಗಿಡಗಳೂ ಅಲ್ಲೇ ಹೆಚ್ಚು. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು. ಚಳಿಗಾಲದಲ್ಲಿ ಇಡೀ ತರ್ಕವೇ ಮಗುಚುತ್ತದೆ: ಬೆಳಗ್ಗೆ ಪೂರ್ವದ ಬಿಸಿಲು ಬೇಕು, ಎತ್ತರದ ನೆರಳು ಮಗ್ಗುಲಲ್ಲಿ ಮಂಜುಗಡ್ಡೆ ಉಳಿದಿರುತ್ತದೆ, ಹಗಲು ಚಿಕ್ಕದು.

ಕಡಿದಾದ ಏರು ಮೊದಲು ಎಂಬ ನಿಯಮಕ್ಕಿಂತಲೂ ಮೇಲಿನ ನಿಯಮವೊಂದಿದೆ. ದಾರಿಯಲ್ಲಿ ಕೈ ಹಚ್ಚಿ ಹತ್ತುವ ಬಂಡೆ ಇದ್ದರೆ, ಅದು ಹತ್ತುವ ಕಡೆಗೆ ಬರುವಂತೆ ದಿಕ್ಕು ಹಿಡಿಯಿರಿ. ಹತ್ತುವಾಗ ಹಿಡಿತ ಕಣ್ಣೆದುರಿಗಿರುತ್ತದೆ, ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ.

ಕಮರಿಯ ದಾರಿಯೋ, ಬೆಟ್ಟದ ಬೆನ್ನಿನ ದಾರಿಯೋ

ಕಮರಿಯಲ್ಲಿ ನೆರಳು, ಬೆಟ್ಟದ ಬೆನ್ನ ಮೇಲೆ ಗಾಳಿ. ಬರೀ ಬಿಸಿಲಿನ ಲೆಕ್ಕದಲ್ಲಿ ಬೆಳಗ್ಗೆ ಹತ್ತರವರೆಗೆ ಕಮರಿ ಗೆಲ್ಲುತ್ತದೆ. ಸೂರ್ಯ ನೇರ ಮೇಲೆ ಬಂದಾಗ ಅದೇ ಗೋಡೆಗಳು ಕಾದು, ಗಾಳಿಯಾಡದೆ, ಒಲೆಯೊಳಗಿನ ಹಾಗಾಗುತ್ತದೆ. ಬೆನ್ನಿನ ದಾರಿಯಲ್ಲಿ ಬಿಸಿಲು ಪೂರ್ತಿ ಬೀಳುತ್ತದೆ, ಆದರೆ ಬೆವರು ಆರಿಸಲು ಗಾಳಿಯಿರುತ್ತದೆ, ಜೊತೆಗೆ ಎತ್ತರದ ತಂಪು. ಒಣಹವೆಯಲ್ಲಿ ಸಾವಿರ ಮೀಟರ್ ಏರಿದರೆ ಉಷ್ಣತೆ ಹತ್ತಿರಹತ್ತಿರ ಹತ್ತು ಡಿಗ್ರಿಯಷ್ಟು ಕಡಿಮೆಯಾಗಬಹುದು. ತಂಪಿದೆಯೆಂದು ಟೊಪ್ಪಿ ತೆಗೆಯಬೇಡಿ. ಅಷ್ಟೇ ಎತ್ತರಕ್ಕೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ.

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಗೋಲ್ಡನ್ ಕ್ಯಾನ್ಯನ್‌ನಲ್ಲಿ ಹತ್ತಿ ಗೋವರ್ ಗಲ್ಚ್‌ನಲ್ಲಿ ಇಳಿಯುವ ಸುತ್ತು ಸುಮಾರು 7 ಕಿಮೀ ಮಾತ್ರ. ಕಾಗದದ ಮೇಲೆ ಬೆಳಗಿನ ವಾಯುವಿಹಾರ. ಆದರೆ ಅದು ಶುರುವಾಗುವುದೇ ಸಮುದ್ರಮಟ್ಟಕ್ಕಿಂತ ಕೆಳಗೆ, ಎರಡೂ ಕಡೆ ಬೋಳು ಮಣ್ಣುಗುಡ್ಡ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದು ಇದೇ ಕಣಿವೆಯಲ್ಲಿ. ಬೇಸಿಗೆಯಲ್ಲಿ ತಗ್ಗು ಪ್ರದೇಶದ ದಾರಿಗಳಲ್ಲಿ ಬೆಳಗ್ಗೆ ಹತ್ತರ ನಂತರ ನಡೆಯಬೇಡಿ ಎನ್ನುವುದು ಅಲ್ಲಿನ ಉದ್ಯಾನದವರ ಸಲಹೆ. ಕಿಲೋಮೀಟರ್ ನೋಡಿ ಆರಿಸುವವರು ಎಡವುವುದು ಇಂಥ ಜಾಗದಲ್ಲೇ.

ಮಳೆಯ ಮಾತು ಬಂದರೆ ಎರಡೂ ದಾರಿಗೆ ಬೇರೆ ಬೇರೆ ಭಯ. ಕಮರಿಯಲ್ಲಿ ಹಠಾತ್ ಪ್ರವಾಹ: ನಿಮ್ಮ ತಲೆಯ ಮೇಲೆ ನೀಲಿ ಆಕಾಶವಿರುವಾಗಲೇ, ಹತ್ತಾರು ಕಿಮೀ ಮೇಲೆ ಸುರಿದ ಮಳೆ ಹಳ್ಳದಲ್ಲಿ ಬಂದೀತು. ಮರುಭೂಮಿಯ ಗಟ್ಟಿ ನೆಲ ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ. ಒಣಹಳ್ಳದ ಗೋಡೆಯಲ್ಲಿ ತಲೆಯೆತ್ತರಕ್ಕೆ ಸಿಕ್ಕಿಕೊಂಡ ಕಸಕಡ್ಡಿ ಕಂಡರೆ ನೀರು ಅಲ್ಲಿವರೆಗೆ ಬಂದಿತ್ತು ಎಂದರ್ಥ. ಬೆನ್ನ ಮೇಲೆ ಭಯ ಸಿಡಿಲಿನದು. ಅಮೆರಿಕದ ನೈರುತ್ಯ ಮರುಭೂಮಿಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಮುನ್ಸೂಚನೆಯಲ್ಲಿ ಗುಡುಗಿದ್ದರೆ ಕಮರಿಯ ಸುತ್ತನ್ನು ಆ ದಿನ ಬಿಟ್ಟೇಬಿಡಿ. ಬೆನ್ನಿನ ಸುತ್ತಾದರೆ ಹನ್ನೊಂದರೊಳಗೆ ಕೆಳಗಿಳಿಯುವ ಹಾಗಿದ್ದರೆ ಮಾತ್ರ ಹೋಗಿ.

ಮೂರನೆಯ ಬಗೆ ಹಾಸುಬಂಡೆಯ ದಾರಿ. ಯೂಟಾದ ಆರ್ಚಸ್ ಉದ್ಯಾನದ ಡೆವಿಲ್ಸ್ ಗಾರ್ಡನ್ ಸುತ್ತು, ಕವಲುದಾರಿಗಳೆಲ್ಲ ಸೇರಿ ಸುಮಾರು 12.7 ಕಿಮೀ. ಲ್ಯಾಂಡ್‌ಸ್ಕೇಪ್ ಆರ್ಚ್ ಎಂಬ ಕಲ್ಲಿನ ಕಮಾನಿನವರೆಗೆ ಅಗಲವಾದ ಹದವಾದ ದಾರಿ, ಅದರಾಚೆ ಕಿರಿದಾದ ಬಂಡೆಯ ಅಂಚುಗಳು, ಇಳಿಜಾರು ಹಾಸುಗಲ್ಲು. ಒಣಗಿದ್ದಾಗ ಅಲ್ಲಿ ಒಳ್ಳೆಯ ಹಿಡಿತ. ಒದ್ದೆಯಾದರೆ, ಹಿಮ ಬಿದ್ದಿದ್ದರೆ ಆ ಹಿಂಭಾಗವನ್ನು ಬಿಟ್ಟು ಬಂದ ದಾರಿಯಲ್ಲೇ ತಿರುಗಬೇಕು.

ದಾರಿ ತಪ್ಪುವ ಜಾಗ

ಮರುಭೂಮಿಯಲ್ಲಿ ದೂರದವರೆಗೆ ಕಾಣುವುದರಿಂದ ತಪ್ಪುವುದಿಲ್ಲ ಎನಿಸುತ್ತದೆ. ತಪ್ಪುವುದು ಒಣಹಳ್ಳ ದಾಟುವಾಗ. ದಾರಿ ಹಳ್ಳಕ್ಕಿಳಿದು, ಮರಳಿನಲ್ಲಿ ನೂರಿನ್ನೂರು ಮೀಟರ್ ಸಾಗಿ, ಎದುರು ದಂಡೆ ಹತ್ತಿ ಹೋಗುತ್ತದೆ. ಮರಳಿನ ಮೇಲೆ ಹಳ್ಳವೇ ರಾಜಮಾರ್ಗದಂತೆ ಕಾಣುವುದರಿಂದ ಜನ ತಲೆತಗ್ಗಿಸಿ ನಡೆಯುತ್ತಲೇ ಇರುತ್ತಾರೆ. ಹೆಜ್ಜೆಗುರುತು ಒಂದೆರಡಕ್ಕಿಳಿದವೇ? ಐದು ನಿಮಿಷದಿಂದ ದಾರಿಗುರುತಿಗೆ ಇಟ್ಟ ಕಲ್ಲುಗುಪ್ಪೆ ಕಂಡಿಲ್ಲವೇ? ಕೊನೆಯ ಗುಪ್ಪೆಯವರೆಗೆ ಹಿಂದಕ್ಕೆ ನಡೆಯಿರಿ. ದಾರಿಗೆ ಅಡ್ಡವಾಗಿ ಸಾಲಾಗಿಟ್ಟ ಕಲ್ಲು ಅಥವಾ ಒಣಕೊಂಬೆ ಕಂಡರೆ ಅದು ‘ಈ ಕಡೆಯಲ್ಲ’ ಎಂಬ ಗುರುತು. ಇಂಥ ದಾಟುಗಳು ಹೆಚ್ಚಿರುವ ಭಾಗವನ್ನು ಬೆಳಕು ಚೆನ್ನಾಗಿರುವಾಗ, ತಲೆ ಚುರುಕಾಗಿರುವಾಗ ಮುಗಿಯುವ ಹಾಗೆ ದಿಕ್ಕು ಆರಿಸಿ.

ಫೋನಿನ ನಕ್ಷೆಯೋ ಕಾಗದದ್ದೋ ಎಂದರೆ ಎರಡೂ. ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ನಲ್ಲಿಡಿ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ. ಬಿಸಿಲಿನಲ್ಲಿ ಭುಜದ ಪಟ್ಟಿಗೆ ಸಿಕ್ಕಿಸಿದ ಫೋನು ಕಾದು ತಾನೇ ಆರಿಹೋಗುತ್ತದೆ. ಚೀಲದೊಳಗೆ ಬಟ್ಟೆಯ ನಡುವೆ ಇಡಿ.

ನೀರು: ಎಷ್ಟು, ಯಾವುದರಲ್ಲಿ

ತಂಪಿನಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲಿನ ಏರಿನಲ್ಲಿ ಒಂದು ಲೀಟರ್‌ವರೆಗೆ. ಮೇಲಿನ ಐದೂಕಾಲು ಗಂಟೆಯ ಸುತ್ತಿಗೆ ಮುಕ್ಕಾಲು ಲೀಟರ್‌ನಂತೆ ನಾಲ್ಕು ಲೀಟರ್, ಮೇಲೆ ಒಂದು ಲೀಟರ್ ಆಪತ್ತಿಗೆ. ಕುಡಿಯುವುದಕ್ಕೂ ಮಿತಿಯಿದೆ. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ನೋಡುವವರು ಅದನ್ನು ಬಿಸಿಲಿನ ಹೊಡೆತವೆಂದು ತಿಳಿದು ಇನ್ನಷ್ಟು ನೀರು ಕುಡಿಸುತ್ತಾರೆ. ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಚರ್ಮದ ಮೇಲೇ ಆರಿಹೋಗುತ್ತದೆ. ಎಷ್ಟು ಹೋಯಿತೆಂಬುದಕ್ಕೆ ಸಾಕ್ಷಿ ಟೊಪ್ಪಿಯ ಪಟ್ಟಿಯ ಮೇಲೆ, ಚೀಲದ ಪಟ್ಟಿ ಒತ್ತಿದ ಅಂಗಿಯ ಮೇಲೆ ಮೂಡುವ ಬಿಳಿ ಉಪ್ಪಿನ ಗೆರೆಗಳು. ಅವು ಕಂಡ ಮೇಲೆ ಉಪ್ಪು ತಿಂಡಿ ಅಥವಾ ಲವಣದ ಪುಡಿ ಬೇಕೇ ಬೇಕು.

ಕೊಳವೆಯಿರುವ ನೀರಿನ ಚೀಲವೋ ಬಾಟಲಿಯೋ? ಕೊಳವೆ ಬಾಯಿಯ ಹತ್ತಿರವೇ ಇರುವುದರಿಂದ ನಿಲ್ಲದೆ ಗುಟುಕು ಗುಟುಕಾಗಿ ಕುಡಿಯಬಹುದು. ಆದರೆ ಎಷ್ಟು ಉಳಿದಿದೆ ಎಂಬುದು ಕಾಣುವುದಿಲ್ಲ. ಹತ್ತನೇ ಕಿಮೀಯಲ್ಲಿ ಸೊರಸೊರ ಎಂದು ಬರೀ ಗಾಳಿ ಬಂದಾಗಲೇ ತಿಳಿಯುವುದು. ಚೀಲವನ್ನು ನೆಲಕ್ಕಿಟ್ಟಾಗ ಒಂದು ಕಳ್ಳಿಮುಳ್ಳು ಹೊಕ್ಕರೆ ಇದ್ದದ್ದೆಲ್ಲ ಸೋರಿಹೋಗುತ್ತದೆ. ಆದ್ದರಿಂದ ಪೂರ್ತಿ ನೀರನ್ನು ಎಂದೂ ಒಂದೇ ಚೀಲದಲ್ಲಿ ತುಂಬಬೇಡಿ. ಐದು ಲೀಟರ್ ಬೇಕಿದ್ದರೆ ಚೀಲದಲ್ಲಿ ಎರಡೂವರೆ, ಉಳಿದದ್ದು ಗಟ್ಟಿ ಬಾಟಲಿಗಳಲ್ಲಿ. ಚೀಲ ಖಾಲಿಯಾದ ಜಾಗವೇ ಅರ್ಧ ನೀರು ಮುಗಿದ ಗುರುತು. ಅದು ದಾರಿಯ ಅರ್ಧಕ್ಕಿಂತ ಮೊದಲೇ ಬಂದರೆ ಅಲ್ಲಿಂದಲೇ ತಿರುಗಿ. ಇನ್ನೊಂದು ಸಣ್ಣ ಉಪಾಯ: ಕುಡಿದ ಮೇಲೆ ಕೊಳವೆಗೆ ಊದಿ ನೀರನ್ನು ಚೀಲಕ್ಕೆ ಹಿಂದೆ ತಳ್ಳಿ. ಇಲ್ಲದಿದ್ದರೆ ಮುಂದಿನ ಮೊದಲ ಗುಟುಕು ಚಹದಷ್ಟು ಬಿಸಿ.

ನಕ್ಷೆಯಲ್ಲಿ ಬುಗ್ಗೆ ಎಂದು ಬರೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮರುಭೂಮಿಯ ಬುಗ್ಗೆಗಳು ಋತುವಿಗೆ ತಕ್ಕ ಹಾಗೆ ಬತ್ತುತ್ತವೆ, ಸಿಕ್ಕರೂ ಶುದ್ಧಮಾಡಿಯೇ ಕುಡಿಯಬೇಕು.

ಕಾಲಿಗೆ, ತಲೆಗೆ

ಬೂಟು ಮತ್ತು ಹಗುರ ಓಟದ ಶೂಗಳ ನಡುವೆ ನಮ್ಮ ಮತ ಶೂಗಳ ಕಡೆಗೆ, ಆದರೆ ಷರತ್ತಿನೊಂದಿಗೆ. ಜಾಲರಿ ಶೂವಿನಲ್ಲಿ ಕಾಲು ತಣ್ಣಗಿರುತ್ತದೆ, ಗುಳ್ಳೆ ಕಡಿಮೆ. ಆದರೆ ಅದೇ ಜಾಲರಿಯ ಮೂಲಕ ನುಣ್ಣನೆಯ ಮರಳೂ ಮುಳ್ಳೂ ಒಳಬರುತ್ತವೆ. ಮರಳಿನ ಹಳ್ಳ ಹೆಚ್ಚಿದ್ದರೆ ಶೂವಿನ ಬಾಯಿ ಮುಚ್ಚುವ ಕಾಲುಗವಚ (ಗೇಟರ್) ಹಾಕಿ. ಚೂಪುಗಲ್ಲು, ಕಳ್ಳಿ ಒತ್ತಾಗಿರುವ ಕಿರುದಾರಿಯಾದರೆ ಬೂಟೇ ಸರಿ. ಒಂದು ಜೊತೆ ಒಣ ಕಾಲುಚೀಲ ಹೆಚ್ಚಿಗೆ ಇಟ್ಟುಕೊಂಡು ಅರ್ಧದಾರಿಯಲ್ಲಿ ಬದಲಿಸಿದರೆ ಎರಡೂ ಬಗೆಯಲ್ಲಿ ಕಾಲು ಉಳಿಯುತ್ತದೆ.

ಬಾಚಣಿಗೆ ಒಂದು ಇರಲಿ. ತಮಾಷೆಯಲ್ಲ. ಚೋಯಾ ಜಾತಿಯ ಕಳ್ಳಿಯ ತುಂಡು ತಾಗಿದರೆ ಸಾಕು ಕಳಚಿ ಮೈಗೆ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆಯನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ, ಮೈಯಿಂದಾಚೆಗೆ, ಪಕ್ಕದಲ್ಲಿ ಯಾರೂ ಇಲ್ಲದ ಕಡೆಗೆ ಚಿಮ್ಮಿಸಿ. ಉಳಿದ ಮುಳ್ಳಿಗೆ ಚಿಮಟ.

ಬಿಸಿಲಿಗೆ ಕೊಡೆಯೋ ಟೊಪ್ಪಿಯೋ ಎಂಬ ಪ್ರಶ್ನೆಗೆ: ಗಾಳಿಯಿಲ್ಲದ ಬಯಲು ಭಾಗವಿದ್ದರೆ ಬೆಳ್ಳಿಬಣ್ಣದ ಕೊಡೆಯ ಸುಖಕ್ಕೆ ಸಾಟಿಯಿಲ್ಲ. ಬೆಟ್ಟದ ಬೆನ್ನಿಗೆ, ಕೈ ಹಚ್ಚಿ ಹತ್ತುವ ದಾರಿಗೆ ಅದು ಬರೀ ಹೊರೆ. ಸುತ್ತಲೂ ಅಂಚಿರುವ ಟೊಪ್ಪಿ, ಸಡಿಲವಾದ ತೋಳುದ್ದದ ಅಂಗಿ ಎಲ್ಲ ಕಡೆಗೂ ಸಲ್ಲುತ್ತವೆ.

ಎಲ್ಲಿ ಕೈಬಿಡಬೇಕು

ಹೊರಡುವ ಮುಂಚೆಯೇ ನಕ್ಷೆಯ ಮೇಲೆ ಒಂದು ಜಾಗ ಗುರುತಿಸಿ, ಪಕ್ಕದಲ್ಲಿ ಒಂದು ಗಂಟೆ ಬರೆಯಿರಿ. ನಮ್ಮ ಉದಾಹರಣೆಯ ಸುತ್ತಿನಲ್ಲಿ ಅದು ಕಡಿದಾದ ಏರಿನ ತುದಿ, ಒಂಬತ್ತೂವರೆ. ಲೆಕ್ಕಕ್ಕಿಂತ ಒಂದು ಗಂಟೆ ತಡ. ಅಷ್ಟರಲ್ಲಿ ಅಲ್ಲಿಗೆ ಮುಟ್ಟಿರದಿದ್ದರೆ, ಅಥವಾ ಮುಟ್ಟಿದಾಗ ಮೂರು ಲೀಟರ್‌ಗಿಂತ ಕಡಿಮೆ ನೀರಿದ್ದರೆ, ಬಂದ ದಾರಿಯಲ್ಲೇ ನಾಲ್ಕು ಕಿಮೀ ಇಳಿಯಿರಿ. ಮುಂದಿರುವ ಹತ್ತು ಕಿಮೀ ಇಳಿಜಾರೆಂಬ ಆಸೆಗೆ ಬೀಳಬೇಡಿ, ಅದು ಕೊನೆಗೊಳ್ಳುವುದು ಬಿಸಿಲು ಕಾದ ತಗ್ಗಿನಲ್ಲಿ.

ದಾರಿಯಲ್ಲಿ ಯಾರಿಗಾದರೂ ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ನೆರಳಿನಲ್ಲಿ ಕೂರಿಸಿ. ಬರಿ ನೆಲದ ಮೇಲಲ್ಲ, ಚೀಲದ ಮೇಲೆ. ಬೇಸಿಗೆಯಲ್ಲಿ ಬಿಸಿಲು ಬಿದ್ದ ನೆಲ 60 ಡಿಗ್ರಿ ದಾಟಿರುತ್ತದೆ. ಅಂಗಿ, ಕತ್ತು ಒದ್ದೆ ಮಾಡಿ ಗಾಳಿ ಹಾಕಿ, ಉಪ್ಪಿನ ಜೊತೆ ನೀರು ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರೂ ಹತ್ತಿರದ ದಾರಿಯಲ್ಲೇ ಇಳಿಯಿರಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ನಡೆ ತಡವರಿಸಿದರೆ ಅದು ಪ್ರಾಣಕ್ಕೆ ಬರುವ ಹಂತ. ಕುಡಿಯಲು ಉಳಿಸಿದ ನೀರನ್ನೂ ಮೈಮೇಲೆ ಸುರಿದು ತಣ್ಣಗಾಗಿಸಿ, ಸಹಾಯಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಇಬ್ಬರು ಇರುವ ನೀರಿನಲ್ಲಿ ಒಂದು ಪಾಲು ತೆಗೆದುಕೊಂಡು ಹತ್ತಿರದ ತುದಿಗೆ ಇಳಿಯಲಿ, ಉಳಿದವರು ನೆರಳು ಸರಿದಂತೆ ರೋಗಿಯನ್ನೂ ಸರಿಸುತ್ತ ಅಲ್ಲೇ ಇರಲಿ. ಇಳಿಯುವವರ ಕೈಯಲ್ಲಿ ಜಾಗ ಗುರುತಿಸಿದ ಕಾಗದದ ನಕ್ಷೆ ಇರಬೇಕು.